ಹಟಮಾರಿ ಸಭೆ

"ನಿಲ್ಲಿಸಮ್ಮ. ಮತ್ತೆ ಮೊದಲಿಂದ ಹೇಳು," ಎಂದರು ಭಾಷಣದ ಮೇಷ್ಟ್ರು. ಹೇಳಿ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ಶಿಷ್ಯೆ ಅವರ ಕುತ್ತಿಗೆಯನ್ನೇ ನೋಡುತ್ತಿದ್ದಳು.

"ಸಭಿಕರ ಕಣ್ಣು ನೋಡಬೇಕು, ಕುತ್ತಿಗೆಯನ್ನಲ್ಲ."

ಮೇಷ್ಟ್ರಿಗೆ ಸಾಕಾಗಿಹೋಗಿತ್ತು. ಗಂಟಲಲ್ಲಿ ಗಡ್ಡೆ. ಆಪರೇಷನ್ ಆದರೆ ಜೀವ ಉಳಿಯುತ್ತದೆ, ಸ್ವರ ಹೋಗುತ್ತದೆ ಎಂದು ಮೊದಲು ನೋಡಿದ ಡಾಕ್ಟರು ಹೇಳಿದಾಗ ಎದ್ದು ಬಂದವರು ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ. ಬಾಯಿಂದಲೇ ಬದುಕಿದವರು; ಮಾತಿಲ್ಲದ ಮೇಷ್ಟ್ರು ಯಾರಿಗೆ ಬೇಕು? ಹೆಂಡತಿ ಅತ್ತರು, ಬೈದರು, ಊಟ ಬಿಟ್ಟರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಈ ಮನೆಯಲ್ಲಿ ನಡೆಯಲಿಲ್ಲ. ಕೊನೆಗೆ ಆಕೆ ಸುಮ್ಮನಾದರು. ಒಂದು ದಿನ, ಪರಿಚಯದವಳು ಎಂದು ಇವಳನ್ನು ಕರೆತಂದರು.

"ಸ್ವರ ಇರೋವಾಗ್ಲೇ ಇವಳಿಗೊಂದಿಷ್ಟು ಕಲಿಸಿಬಿಡಿ. ಪುಣ್ಯ ಬರುತ್ತೆ."

ಇವಳೋ ಮಾತಿನಲ್ಲಿ ಮಹಾ ಮೊದ್ದು. ಬಂದ ಕೂಡಲೇ ಮೊಣಕೈವರೆಗೆ ಕೈ ತೊಳೆಯುವುದು, ನಿಲ್ಲುವುದು, ತಡವರಿಸುವುದು. ಏನು ಕೆಲಸ ಎಂದು ಕೇಳಿದ್ದಕ್ಕೆ, "ರಿಪೇರಿ ಸಾರ್. ಕೈ ಓಡುತ್ತೆ, ಬಾಯಿ ಓಡಲ್ಲ," ಎಂದಿದ್ದಳು. ಯಾವುದೋ ಕಾರ್ಖಾನೆ, ಸಂಘದ ಚುನಾವಣೆಗೆ ನಿಂತಿರಬೇಕು ಎಂದುಕೊಂಡರು ಮೇಷ್ಟ್ರು. ಕೆದಕಿ ಕೇಳುವಷ್ಟು ತ್ರಾಣ ಇರಲಿಲ್ಲ.

"ನನ್ನ ಸಭೆ ಬಹಳ ಹಟಮಾರಿ, ಸಾರ್. ಹಿಂದೊಮ್ಮೆ ಒಬ್ಬರು ನನ್ನ ಮಾತು ಮುಗಿಯೋ ಮೊದಲೇ ಎದ್ದು ಹೋದ್ರು."

"ಆಮೇಲೆ?"

"ಮತ್ತೆ ಬರಲೇ ಇಲ್ಲ."

"ಅಂಕಿಅಂಶ ಹೇಳಿರ್ತೀ. ಹೆದರಿದವರಿಗೆ ಲೆಕ್ಕ ಒಪ್ಪಿಸಬಾರದಮ್ಮ. ಏನು ಹೋಗುತ್ತೆ ಅನ್ನೋದನ್ನ ಮುಚ್ಚಿಡಬೇಡ, ಮೊದಲೇ ಹೇಳಿಬಿಡು. ಆಮೇಲೆ ಏನು ಉಳಿಯುತ್ತೆ ಅಂತ ಹೇಳು. ಕೊನೆಗೆ ನಿನ್ನ ಭಯಾನೂ ಹೇಳು. ಹೇಳಿ ಸುಮ್ಮನಾಗು."

ವಾರಗಳು ಕಳೆದಂತೆ ಅವಳ ಮಾತು ಪಳಗಿತು, ಮೇಷ್ಟ್ರ ಸ್ವರ ಸವೆಯಿತು. ಇವತ್ತು ಅವರು ಅಂದದ್ದು ಕೇಳಿಸಬೇಕಾದರೆ ಅವಳು ಮುಂದಕ್ಕೆ ಬಾಗಬೇಕಾಯಿತು.

"ನನ್ನ ಹತ್ರ ಇದ್ದದ್ದೆಲ್ಲ ಕೊಟ್ಟಾಯ್ತು. ಇನ್ನು ನೀನು ಬಾಯಿ ಬಿಟ್ರೆ ಕಲ್ಲೂ ಕರಗುತ್ತೆ. ಸಭೆ ಯಾವತ್ತು?"

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಹೆಂಡತಿ ಬಟ್ಟೆ ತುಂಬಿದ ಚೀಲ ಹಿಡಿದು ನಿಂತಿದ್ದರು. ಹೆಂಡತಿ ಎಲ್ಲಿಗೆ ಹೊರಟಳು ಎಂದು ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಶಿಷ್ಯೆ ನೆಟ್ಟಗೆ ನಿಂತು, ಈ ಸಲ ಅವರ ಕಣ್ಣನ್ನೇ ನೋಡಿದಳು.

"ನಿಮ್ಮ ಸ್ವರ ಹೋಗುತ್ತೆ, ಸಾರ್. ನೀವು ಉಳೀತೀರಿ. ಆಪರೇಷನ್ ಮಾಡೋಳು ನಾನೇ. ನನಗಿರೋದು ಒಂದೇ ಭಯ, ಹಿಂದಿನ ಆ ಪೇಶೆಂಟ್ ಹಾಗೆ ನೀವೂ ಎದ್ದು ಹೋಗ್ತೀರೇನೋ ಅಂತ."

ಹೇಳಿ ಸುಮ್ಮನಾದಳು. ಮೇಷ್ಟ್ರು ಏಳಲಿಲ್ಲ.