ಸ್ಟೇಟಸ್ ಹಾಕದ ಮಗಳು

ಕೊಪ್ಪದಲ್ಲಿ ಬಸ್ಸಿಳಿದ ಶಶಿರೇಖಾ ಸೀದಾ ಬೀಗರ ಮನೆಯ ಕಡೆ ನಡೆದಳು. ಕೈಯಲ್ಲಿ ಖಾಲಿ ಚೀಲ, ಮಗಳ ಬಟ್ಟೆ ತುಂಬಲು. ಇವತ್ತು ಅವಳನ್ನು ಕರೆದುಕೊಂಡೇ ಮಳವಳ್ಳಿಗೆ ಮರಳುವುದು ಎಂದು ತೀರ್ಮಾನಿಸಿ ಹೊರಟಿದ್ದಳು.

ಮಗಳು ಶಾಲಿನಿ ಸುಮ್ಮನಿರುವ ಹುಡುಗಿಯೇ ಅಲ್ಲ. ದೋಸೆ ಹುಯ್ದರೂ ವಾಟ್ಸಾಪಿನಲ್ಲಿ ಸ್ಟೇಟಸ್, ಎಮ್ಮೆ ಕರು ಹಾಕಿದರೂ ಸ್ಟೇಟಸ್. ಮದುವೆಯಾದ ಮೇಲೂ ಹಾಗೇ ಇದ್ದಳು. ಶಶಿರೇಖಾ ಹೊಲಿಗೆ ಮೆಷಿನ್ ನಿಲ್ಲಿಸಿ ಒಂದೊಂದನ್ನೂ ನೋಡುತ್ತಿದ್ದಳು, ನೋಡಿದ ಕೂಡಲೇ ಫೋನು ಮಾಡುತ್ತಿದ್ದಳು. ಮುಖ ಯಾಕೆ ಬಾಡಿದೆ, ರವಿಕೆಯ ಕತ್ತು ಯಾಕಷ್ಟು ಆಳ, ಗಂಡನಿಗೆ ಹಾಗೆ ಅಂಟಿಕೊಂಡು ನಿಲ್ಲಬಾರದು, ಕಣ್ಣು ಬೀಳುತ್ತದೆ, ಮೊದಲು ಅದನ್ನು ತೆಗೆ. ಇದನ್ನೆಲ್ಲ ಹೆತ್ತವಳಲ್ಲದೆ ಇನ್ಯಾರು ಹೇಳಬೇಕು?

ಯುಗಾದಿ ಕಳೆದದ್ದೇ ಎಲ್ಲ ನಿಂತುಹೋಯಿತು. ಒಂದು ಫೋಟೊ ಇಲ್ಲ. ಕರೆ ಮಾಡಿದರೆ ಚೆನ್ನಾಗಿದ್ದೀನಿ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು, ಪಕ್ಕದಲ್ಲಿ ಯಾರೋ ನಿಂತಿರುವ ಹಾಗೆ. ಅಳಿಯ ಅಂಬರೀಶನೋ ಹತ್ತು ಮಾತಿಗೆ ಒಂದು ಮಾತಾಡುವವನು. ಅವನ ಡಿಪಿಯಲ್ಲಿ ಮುಖ ಸಹ ಇಲ್ಲ. ಅಂಥವನಿಗೆ ನಗುವ ಹೆಂಡತಿ ಊರಿಗೆಲ್ಲ ಕಾಣುವುದು ಸೇರುತ್ತದೆಯೇ? ಶಶಿರೇಖಾಳಿಗೆ ಊಟ ಸೇರದಾಯಿತು.

ಅವಳು ಬೀಗರ ಮನೆ ಮುಟ್ಟಿದಾಗ ಅಂಬರೀಶ ಹಾಲಿನ ಕ್ಯಾನು ಹಿಡಿದು ಕೊಟ್ಟಿಗೆಯಿಂದ ಬರುತ್ತಿದ್ದ. ಅಲ್ಲೇ ತಡೆದಳು.

"ನನ್ ಮಗಳ ಬಾಯಿ ಕಟ್ಟಾಕಿದೀಯಲ್ಲಪ್ಪ, ನೀನು ಮನ್ಸನಾ?"

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ನಿಂತಿದ್ದ ಶಾಲಿನಿ ತಲೆ ತಗ್ಗಿಸಿದಳು.

"ನಾನೇನ್ ಏಳಿದ್ರೂ ತಪ್ಪಾಯ್ತದೆ. ಅವಳ್ನೇ ಕೇಳಿ," ಎಂದ.

ಹೆದರಿಸಿಟ್ಟಿದ್ದಾನೆ ಎಂಬುದು ಖಾತ್ರಿಯಾಯಿತು. ಈ ಮನೆಯ ಋಣ ಮುಗಿಯಿತು, ಬಟ್ಟೆ ತುಂಬಿಕೋ ಎಂದು ಶಶಿರೇಖಾ ಮಗಳ ಕೈ ಹಿಡಿದೆಳೆದಳು. ಬೀದಿಯವರು ಸೇರಿದರು. ಶಾಲಿನಿ ಅಳತೊಡಗಿದಳು.

ಗಲಾಟೆ ಕೇಳಿ ಅಂಬರೀಶನ ತಾಯಿ ದೇವಿರಮ್ಮ ಹೊರಗೆ ಬಂದಳು. ಸೊಸೆ ಸ್ಟೇಟಸ್ ಹಾಕುವುದನ್ನು ಮಗ ನಿಲ್ಲಿಸಿದ್ದಾನೆ ಎಂಬ ದೂರು ಅವಳಿಗೆ ಅರ್ಥವೇ ಆಗಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು, ತನ್ನ ಫೋನು ತೆರೆದು ಬೀಗಿತ್ತಿಯ ಮುಂದೆ ಹಿಡಿದಳು.

"ದಿನಾ ಆಕ್ತಾಳಲ್ಲವ್ವ. ಇವತ್ತೂ ಆಕವ್ಳೆ, ನೋಡು."

ಗದ್ದೆಯ ಬದುವಿನ ಮೇಲೆ ಶಾಲಿನಿ, ಬಾಯ್ತುಂಬ ನಗು. ಮುಂದಿನದರಲ್ಲಿ ಗಂಡನ ಹೆಗಲಿಗೆ ಒರಗಿದ್ದಾಳೆ. ಶಶಿರೇಖಾ ತನ್ನ ಫೋನು ತೆಗೆದು ನೋಡಿದಳು. ಅದರಲ್ಲಿ ಏನೂ ಇರಲಿಲ್ಲ.

"ನಿಂಗೊಬ್ಳಿಗೆ ಮಾತ್ರ ಕಾಣ್ದಂಗೆ ಮಾಡಿದ್ದೆ ಕಣಮ್ಮ," ಎಂದಳು ಶಾಲಿನಿ.