ನಾಲ್ಕನೆಯ ಡಬ್ಬಿ

"ಇದು ಉಗುಳು, ಸೋನುಬಾಯಿ. ನನಗ ಕಫ ಬೇಕು. ಎದಿಯಿಂದ ಬರಬೇಕು." ಹುಮನಾಬಾದಿನ ಲ್ಯಾಬಿನಲ್ಲಿ ಸೈಮಾ ಸೋನುಬಾಯಿಯ ಮೂರನೆಯ ಡಬ್ಬಿಯನ್ನೂ ವಾಪಸ್ಸು ತಳ್ಳಿದಳು. ಸೊಸೆ ಪೂನಂನ ಟಿ.ಬಿ. ಗುಣವಾಗದ್ದಕ್ಕೆ ಮನೆಮಂದಿಯೆಲ್ಲ ತಪಾಸಣೆ ಮಾಡಿಸಬೇಕಿತ್ತು. ಉಳಿದವರದು ಮುಗಿದಿತ್ತು. ಮಂಠಾಳದಿಂದ ಬಸವಕಲ್ಯಾಣ, ಅಲ್ಲಿಂದ ಇಲ್ಲಿಗೆಂದು ಎರಡು ಬಸ್ಸು ಹಿಡಿದು, ರೋಗ ಅಂಟೀತೆಂದು ತಾಯಿಗೆ ಮುಟ್ಟಗೊಡದ ವರ್ಷದ ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡು ಬರುವ ಇವಳೊಬ್ಬಳದೇ ಗೋಳು.

"ಕೆಮ್ಮೇ ಇಲ್ಲ, ಕಫ ಎಲ್ಲಿಂದ ತರ್ಲಿರಿ?"

"ಡಾಕ್ಟರ್ ಚೀಟಿಯಾಗ ಬರ್ದಾರ. ನಾ ಏನ್ ಮಾಡ್ಲಿ?"

ಮರುದಿನ ನಾಲ್ಕನೆಯ ಡಬ್ಬಿ ಬಂತು. ಸೈಮಾಗೆ ನಂಬಿಕೆ ಎಲ್ಲಿಯದು? ಟಿ.ಬಿ. ಪರೀಕ್ಷೆಯ ಬಣ್ಣ ಹಾಕಿ ದಂಡ ಮಾಡುವ ಮೊದಲು ಇದಾದರೂ ಕಫವೋ ಅಲ್ಲವೋ ನೋಡೇ ಬಿಡೋಣವೆಂದು ಹಸಿ ಹನಿಯನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಕಂದು ಲೋಳೆಯ ನಡುವೆ ಹುಳದ ಹಳದಿ ಮೊಟ್ಟೆಗಳು, ತುದಿಗೊಂದು ಮುಚ್ಚಳ. ಅವಳು ಇವನ್ನು ಪುಸ್ತಕದಲ್ಲಷ್ಟೇ ನೋಡಿದ್ದಳು. ಟಿ.ಬಿ.ಯ ಬಣ್ಣ ಹಾಕಿದ್ದರೆ ಕಾಣುತ್ತಲೇ ಇರಲಿಲ್ಲ.

"ಹಳ್ಳದ ಏಡಿ ಅರೆಬರೆ ಸುಟ್ಟು ತಿಂತೀರೇನು?" ಹೊರಗೆ ಬಂದು ಕೇಳಿದಳು.

"ನಾನಾ? ಕೊಳ್ಳಾಗ ತುಳಸಿಮಾಲಿ ಬಿದ್ದು ಹನ್ನೆರಡು ವರ್ಷಾತು. ಏಡಿ ಇರ್ಲಿ, ಉಳ್ಳಾಗಡ್ಡಿ ಸೈತ ಮುಟ್ಟಂಗಿಲ್ಲ."

"ಮತ್ತ ಏಡಿಯಿಂದ ಬರೋ ಹುಳದ ತತ್ತಿ ನಿಮ್ಮ ಎದಿಯಾಗ ಹ್ಯಾಂಗ ಬಂದ್ವು?"

ಸೋನುಬಾಯಿ ನೆಲ ನೋಡಿದಳು. "ದಿನಾ ಬೈದು ಕಳಸ್ತೀರಿ, ಬ್ಯಾಸರ ಬಂತು. ಸೊಸಿದು ತಂದೀನ್ರಿ. ಅಕಿಗಿ ಬಕ್ಕಳ ಕಫ ಬರ್ತದ."

ಸೈಮಾಗೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು. "ಮಂದಿ ಕಫ ನಿಮ್ಮ ಹೆಸರಿಲೆ ಕೊಡೋದಾ? ತಲಿ ಅದ ಏನ್ರಿ ನಿಮಗ?" ಎಂದು ಗದರಿದವಳು ಅರ್ಧಕ್ಕೇ ನಿಲ್ಲಿಸಿದಳು. "ಪೂನಂ ಏಡಿ ತಿಂತಾಳೇನು?"

"ಬಸುರಿದ್ದಾಗ ಅದೇ ಬಯಕಿ. ತವರಿಗೆ ಹೋದಾಗೆಲ್ಲ ಒಲಿಯಾಗ ಹಾಕಿ ಹಂಗೇ ತಿಂತಿದ್ಳು."

"ಟಿ.ಬಿ. ಗುಳಿಗಿ ಎಷ್ಟು ದಿನಾತು?"

"ಏಳು ತಿಂಗಳು. ಎಕ್ಸ್‌ರೇ ನೋಡಿ ಕೊಟ್ಟಾರ. ಕಫದಾಗ ಇನ್ನೂ ರಕ್ತ ಬೀಳಾಕತ್ತದ."

ಏಳು ತಿಂಗಳು. ಯಾರನ್ನು ಬೈಯಬೇಕೋ ಸೈಮಾಗೆ ತಿಳಿಯಲಿಲ್ಲ. ಉಳಿದ ಕಫಕ್ಕೆ ಬಣ್ಣ ಹಾಕಿ ಹುಡುಕಿದಳು. ಟಿ.ಬಿ.ಯ ಗುರುತು ಒಂದೂ ಸಿಗಲಿಲ್ಲ. ಚೀಟಿ ಹಿಡಿದು ಡಾಕ್ಟರ ಕೋಣೆಗೆ ಹೋಗಿ, ಕಾಲು ಗಂಟೆ ಬಿಟ್ಟು ಬಂದಳು.

"ನಾಳೆ ಪೂನಂನ ಕರ್ಕೊಂಡು ಬರ್ರಿ. ಇದು ಹುಳದ ರೋಗ ಅಂತಾರ ಡಾಕ್ಟರ್. ಬ್ಯಾರೆ ಗುಳಿಗಿ, ಮೂರು ದಿನದ್ದು. ಕೆಮ್ಮಿದರ ಯಾರಿಗೂ ಅಂಟಂಗಿಲ್ಲ."

"ಕೂಸಿಗೂ?"

"ಕೂಸಿಗೂ."

ಸೋನುಬಾಯಿ ಮೊಮ್ಮಗಳನ್ನು ಇನ್ನಷ್ಟು ಎದೆಗೊತ್ತಿಕೊಂಡಳು. ಸೆರಗನ್ನು ಅದರ ಮೈಮೇಲೆ ಎಳೆದು ಕೇಳಿದಳು:

"ಹಂಗಾರ ಕೂಸನ್ನ ಅಕಿಗಿ ವಾಪಸ್ ಕೊಡಬೇಕೇನ್ರಿ?"