ಊಟಕ್ಕೆ ಮುಂಚೆ ಒಂದು ಪದ

ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸೌಟು ಹಿಡಿದು ನಿಂತಿದ್ದವಳು ಮತ್ತೆ ಏಳು ವರ್ಷದ ಹುಡುಗಿಯಾದಳು. ಅದೇ ಊಟದ ಮೇಜು, ಗೋಡೆಗೆ ಅಪ್ಪ ಈಗಷ್ಟೇ ಅಂಟಿಸಿದ ಅದೇ ಬಗೆಯ ಚೀಟಿ. ದಿನಕ್ಕೊಂದು ಕಠಿಣ ಇಂಗ್ಲಿಷ್ ಪದ, ಅದನ್ನು ನೋಡದೆ ಹೇಳಿದರಷ್ಟೇ ಊಟ. ಚೀಟಿಗಳು ಗೋಡೆ ತುಂಬಿ ಕಿಟಕಿಯ ಗಾಜನ್ನೂ ಮುಚ್ಚಿದ್ದವು. ಇಂದು ಗೋಡೆಗೆ ಬೆನ್ನು ಹಾಕಿ ಕೂತಿದ್ದದ್ದು ಅವಳ ಮಗಳು.

"ಮ್ಯಾ... ಮ್ಯಾ..."

"ಮೇಕೆ ಮರಿ ಥರ ಅರಚಬೇಡ ಪುಟ್ಟಿ. ಪೂರ್ತಿ ಹೇಳು. ಮುಂದೆ ಈ ಅಜ್ಜನ್ನೇ ನೆನೆಸ್ಕೋತೀಯ."

"ಅಜ್ಜ, ನಂಗೆ ಕನ್ನಡದಲ್ಲಿ ಹಸಿವಾಗಿದೆ. ಇಂಗ್ಲಿಷಲ್ಲಿ ಇನ್ನೂ ಆಗಿಲ್ಲ."

ಅಪ್ಪನ ತುಟಿಯಂಚು ಒಂದಿಷ್ಟು ಅಲುಗಿತು. ಆದರೂ ಮಗುವಿನ ಖಾಲಿ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡರು.

ಮ್ಯಾಗ್ನಾನಿಮಸ್, ಅಂದರೆ ಉದಾರ ಮನಸ್ಸಿನ. ಪದ ಸೌಟು ಹಿಡಿದವಳ ನಾಲಿಗೆಯ ತುದಿಯಲ್ಲೇ ಇತ್ತು. ಇವಳು ಚಿಕ್ಕವಳಿದ್ದಾಗ ಅಮ್ಮ ಬಡಿಸುವ ನೆಪದಲ್ಲಿ ಬಗ್ಗಿ, ಇವಳ ಕಿವಿಯಲ್ಲಿ ಪದವನ್ನು ಪಿಸುಗುಟ್ಟುತ್ತಿದ್ದಳು. ಅಮ್ಮನಿಗೆ ಅಷ್ಟೇ ಸಾಧ್ಯವಿತ್ತು. ಇವಳಿಗೂ ಈ ಮನೆ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ, ಅಪ್ಪನೆದುರು ಎಂದೂ ಬಾಯಿ ತೆರೆದವಳೂ ಅಲ್ಲ.

"ನೀನು ಹೇಳ್ಕೊಡ್ಬೇಡ," ಅಪ್ಪ ಎಚ್ಚರಿಸಿದರು.

"ಇಲ್ಲಪ್ಪ, ಹೇಳ್ಕೊಡಲ್ಲ."

ಅವಳು ಕಪಾಟಿನಿಂದ ಇನ್ನೊಂದು ತಟ್ಟೆ ತೆಗೆದಳು. ಬಿಸಿಬಿಸಿಯಾಗಿ ಬಡಿಸಿ, ಮಗಳ ಕೈಗಿಟ್ಟಳು.